ಪುಸ್ತಕದ ಕಪಾಟಿಗೆ ಸ್ಪ್ರಿಂಗು

ಮುಂಬಯಿಯಲ್ಲಿ ನನ್ನ ಮೊದಲ ಕೆಲಸ ಬೇರೆಯವರ ಪ್ರಬಂಧಗಳ ಅಡಿಟಿಪ್ಪಣಿ ಎಣಿಸುವುದು. ನನ್ನ ಅತ್ತೆ ಇದನ್ನು ಕೇಳಿ, "ಅದಕ್ಕೂ ಪಗಾರ ಕೊಡ್ತಾರೇನವಾ?" ಎಂದು ಬೆರಗಾಗಿದ್ದರು. ಕೊಡುತ್ತಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಗದಗಿನ ಕಡೆಯಿಂದ ಮದುವೆಯಾಗಿ ಜೋಗೇಶ್ವರಿಯ ಚಾಳಿಗೆ ಬಂದಿದ್ದ ನಾನು, ಒಂದೇ ಸ್ಟೇಷನ್ ಆಚೆ ಗೋರೆಗಾಂವ್‌ನಲ್ಲಿ ಹತ್ತಿ ಪರೀಕ್ಷಿಸುವ ಒಂದು ಸಂಶೋಧನಾಲಯದ ಲೈಬ್ರರಿಗೆ ಸಹಾಯಕಿಯಾಗಿ ಸೇರಿದ್ದೆ.

ಕೆಳಗಿನ ಮಹಡಿಯಲ್ಲಿ ಯಂತ್ರಗಳು. ಹತ್ತಿಯ ಸಣ್ಣ ಕುಚ್ಚೊಂದನ್ನು ಎರಡು ಹಲ್ಲುಗಳ ನಡುವೆ ಕಚ್ಚಿಸಿ, ಅದು ಹರಿಯುವವರೆಗೂ ಜಗ್ಗಿ, ಹರಿಯುವಾಗ ಎಷ್ಟು ಬಲ ಬೇಕಾಯಿತೆಂದು ಗುರುತು ಹಾಕಿಕೊಳ್ಳುವುದು ಅಲ್ಲಿಯ ಪರೀಕ್ಷಕರ ಕೆಲಸ. ನಮ್ಮೂರಲ್ಲಿ ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡಿ ದಲಾಲರು ಹೇಳುವುದನ್ನೇ ಇವರು ಉಕ್ಕಿನ ಸ್ಪ್ರಿಂಗಿನಿಂದ ಹೇಳಿಸುತ್ತಿದ್ದರು. ಮೇಲಿನ ಮಹಡಿಯಲ್ಲಿ ನಾವು. ನಮ್ಮ ವಿಜ್ಞಾನಿಗಳು ಬರೆದ ಪ್ರಬಂಧಗಳನ್ನು ಮುಂದಿಟ್ಟುಕೊಂಡು, ಅವರು ಯಾವ ಪತ್ರಿಕೆಯನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂದು ನಾನು ಗೀಟು ಹಾಕಬೇಕು. ಜಾಸ್ತಿ ಗೀಟು ಬಿದ್ದ ಪತ್ರಿಕೆ ಬೇಕಾದದ್ದು, ಬೀಳದ್ದು ಬೇಡವಾದದ್ದು. ಕೆಲವೇ ವಾರಗಳಲ್ಲಿ ನನಗೊಂದು ಮಾತು ಗೊತ್ತಾಯಿತು. ಪಂಡಿತರದ್ದೂ ಮದುವೆ ಮನೆಯ ಮುಯ್ಯಿಯೇ. ಇವರ ಹೆಸರು ಅವರು ಹಾಕಿದರೆ, ಅವರ ಹೆಸರು ಇವರು ಹಾಕುತ್ತಾರೆ. ಇದನ್ನು ನಮ್ಮ ಲೈಬ್ರೇರಿಯನ್ ಸಾಹೇಬರಿಗೆ ಹೇಳಿದಾಗ ಅವರು ನಕ್ಕು, "ಮೆಲ್ಲ ಹೇಳು ಮಾರಾಯ್ತಿ, ಕೆಳಗೆ ಕೇಳ್ತದೆ" ಅಂದರು.

ಆ ಮನುಷ್ಯನ ಬಗ್ಗೆ ಹೇಳಬೇಕೆಂದೇ ಇದನ್ನು ಬರೆಯಲು ಕುಳಿತಿದ್ದೇನೆ. ಉಡುಪಿ ಕಡೆಯವರು. ಬಾಂದ್ರಾದ ಹೋಟೆಲೊಂದರಲ್ಲಿ ಗ್ಲಾಸು ತೊಳೆಯುತ್ತ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿ, ಆಮೇಲೆ ಲೈಬ್ರರಿ ಪರೀಕ್ಷೆಯನ್ನೂ ಮುಗಿಸಿ ಬಂದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸಣ್ಣ ದನಿ, ಮುಖದಲ್ಲಿ ಸದಾ ಏನನ್ನೋ ನೆನಪಿಸಿಕೊಳ್ಳುತ್ತಿರುವ ಭಾವ. ಅವರ ಸೇವೆಯೆಲ್ಲ ಕಳೆದದ್ದು ಆ ಒಂದೇ ಲೈಬ್ರರಿಯಲ್ಲಿ. ಅದರೊಳಗೆ ಅವರದೇ ಕೈಯ ಬೆಳೆ ಎಂದರೆ ಕೃಷಿ ವಿಭಾಗ. ಹತ್ತಿ ಬೆಳೆಯುವ ಊರುಗಳ ಮಣ್ಣು, ಮಳೆ, ಬೀಜ, ಹುಳ ಇವುಗಳ ಬಗ್ಗೆ ದೇಶವಿದೇಶದ ಪತ್ರಿಕೆಗಳನ್ನು ಒಂದು ಸಂಚಿಕೆಯೂ ತಪ್ಪದ ಹಾಗೆ ತರಿಸಿ, ರಟ್ಟು ಕಟ್ಟಿಸಿ, ಒಂದು ಕೋಣೆ ತುಂಬ ಜೋಡಿಸಿದ್ದರು. ಮುಂದಿನ ವರ್ಷ ಅವರ ನಿವೃತ್ತಿ. ಆ ಕೋಣೆಯನ್ನು ನಡೆಯುವ ಸ್ಥಿತಿಯಲ್ಲಿ ಮುಂದಿನವರ ಕೈಗೊಪ್ಪಿಸಿ ಹೋಗಬೇಕು ಎಂಬುದೊಂದೇ ಅವರ ಆಸೆ.

ಅಷ್ಟರಲ್ಲಿ ವಿದೇಶಿ ವಿನಿಮಯಕ್ಕೆ ಕತ್ತರಿ ಬಿತ್ತು. ಪರದೇಶದ ಪತ್ರಿಕೆಗಳನ್ನು ಕಡಿಮೆ ಮಾಡಬೇಕು ಎಂದಾಯಿತು. ಡೈರೆಕ್ಟರರು ನನ್ನ ಗೀಟುಗಳನ್ನು ತರಿಸಿ ನೋಡಿದರು. ಯಂತ್ರ, ನೂಲು, ಭೌತಶಾಸ್ತ್ರದ ಪತ್ರಿಕೆಗಳ ಮುಂದೆ ಗೀಟುಗಳ ಸಾಲು, ಕೃಷಿಯ ಮುಂದೆ ಬಹುತೇಕ ಖಾಲಿ. ಕೃಷಿ ವಿಭಾಗ ಮುಚ್ಚೋಣ, ಆ ಕೋಣೆಗೆ ಹೊಸ ಯಂತ್ರ ಬರಲಿ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನಗೆ ಸಿಟ್ಟು ನೆತ್ತಿಗೇರಿತು. ಬರೆ ಹಾಕಲು ಕಾಯಿಸಿದ ಕಬ್ಬಿಣ ನನ್ನದೇ ಆಗಿತ್ತಲ್ಲ!

ಏಕೆಂದರೆ ಆ ಕೋಣೆಗೆ ಜನ ಬರುತ್ತಿದ್ದುದನ್ನು ನಾನು ದಿನಾ ನೋಡುತ್ತಿದ್ದೆ. ಬರುತ್ತಿದ್ದವರು ಕೆಳಗಿನ ಪರೀಕ್ಷಕರು. ಯಾವುದೋ ಊರಿನಿಂದ ಬಂದ ಹತ್ತಿ ಎಂದಿಗಿಂತ ಬೇಗ ಹರಿಯಿತು ಎಂದರೆ, ಅಲ್ಲಿ ಬಿತ್ತಿದ ಬೀಜ ಯಾವುದು, ಬೆಳೆಗೆ ಬಿದ್ದ ಹುಳ ಎಂಥದು ಎಂದು ನೋಡಲು ಮೆಟ್ಟಿಲು ಹತ್ತಿ ಬರುತ್ತಿದ್ದರು. ಓದಿ ಹೋಗಿ ವರದಿ ಕಳಿಸುತ್ತಿದ್ದರು. ಪ್ರಬಂಧ ಬರೆಯುವುದು ಅವರ ಕೆಲಸವಲ್ಲ. ಬರೆಯದವರಿಗೆ ಅಡಿಟಿಪ್ಪಣಿ ಎಲ್ಲಿಂದ ಬರಬೇಕು? ಓದಿ ಬರೆಯುವವರನ್ನು ಮಾತ್ರ ನನ್ನ ಗೀಟುಗಳು ಬಲ್ಲವು, ಓದಿ ಸುಮ್ಮನಿರುವವರನ್ನಲ್ಲ.

ಲೈಬ್ರೇರಿಯನ್ ಸಾಹೇಬರು ಇದನ್ನು ಹೋಗಿ ವಿವರಿಸಿದರು. ಡೈರೆಕ್ಟರರು ಹಟಮಾರಿಯಲ್ಲ. ಹಾಗಾದರೆ ಓದುಗರನ್ನು ತೋರಿಸಿ, ವರ್ಷದ ಕೊನೆಯ ಸಭೆಯಲ್ಲಿ ತೀರ್ಮಾನ ಮಾಡೋಣ ಎಂದರು. ಲೈಬ್ರರಿಗಳಲ್ಲಿ ಇದಕ್ಕೊಂದು ಸುಲಭದ ಪದ್ಧತಿ ಇದೆ. ಓದಿದ ಪುಸ್ತಕವನ್ನು ಮೇಜಿನ ಮೇಲೇ ಬಿಡಲು ಹೇಳುವುದು, ಸಂಜೆ ಅವನ್ನು ಎಣಿಸಿ ಕಪಾಟಿಗೆ ಸೇರಿಸುವುದು. ಆದರೆ ನಮ್ಮಲ್ಲಿ ಸಂಜೆಗೆ ಮೇಜು ಯಾವಾಗಲೂ ಖಾಲಿ. "ತೆಗೆದ ಪುಸ್ತಕ ತೆಗೆದಲ್ಲೇ ಇಡಿ" ಎಂದು ವರ್ಷಗಟ್ಟಲೆ ಎಲ್ಲರ ಬೆನ್ನು ಬಿದ್ದು ಕಲಿಸಿದವರು ಯಾರು? ನಮ್ಮ ಸಾಹೇಬರೇ. ಮಾಡಿದ್ದುಣ್ಣೋ ಮಾರಾಯ ಎಂದ ಹಾಗಾಯಿತು. "ದಯವಿಟ್ಟು ವಾಪಸ್ ಇಡಬೇಡಿ" ಎಂದು ಹೊಸ ಬೋರ್ಡು ಹಾಕಿದೆವು. ಪರೀಕ್ಷಕರೊಬ್ಬರು ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಬಾಗಿಲವರೆಗೆ ಹೋದರು, ನಿಂತರು, ಮನಸ್ಸು ತಡೆಯದೆ ತಿರುಗಿ ಬಂದು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಅದರ ಜಾಗದಲ್ಲೇ ಇಟ್ಟು, ಕಳ್ಳನ ಹಾಗೆ ನನ್ನತ್ತ ನೋಡಿ ಓಡಿದರು. ಇಂಥ ಸಭ್ಯರನ್ನು ಕಟ್ಟಿಕೊಂಡು ಏನು ಮಾಡುವುದು?

ದಾರಿ ತೋರಿಸಿದವರು ಕೆಳಗಿನ ಇಂಜಿನಿಯರರು. ಸೊಲ್ಲಾಪುರದವರು, ಯಂತ್ರಗಳ ಸ್ಪ್ರಿಂಗುಗಳನ್ನು ಸರಿಯಾಗಿಡುವುದು ಅವರ ಜವಾಬ್ದಾರಿ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ; ನನ್ನನ್ನು ಕರೆಯುತ್ತಿದ್ದುದು ವಹಿನಿ, ಅಂದರೆ ಅತ್ತಿಗೆ ಎಂದು.

"ಮನಷ್ಯಾರ ಬಾಯಿ ಬಿಡಂಗಿಲ್ಲ ಅಂದ್ರ ಕಪಾಟಿಗೇ ಕೇಳೂಣ ಕೀ, ವಹಿನಿ," ಅಂದರು.

"ಕಪಾಟು ಮಾತಾಡ್ತದೇನ್ರಿ?"

"ಮಾತಾಡಸ್ತೀನಿ ನೋಡ್ರಿ. ಭಾರ ಕಡಿಮಿ ಆತಂದ್ರ ಹಲಿಗಿ ಕೂದಲೆಳಿಯಷ್ಟು ಮ್ಯಾಲೆ ಬರ್ತದ. ನಮಗ ಬಸ್, ಅಷ್ಟೇ ಪಾಯಿಜೆ."

ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಚಪ್ಪಟೆ ಉಕ್ಕಿನ ಪಟ್ಟಿಗಳಿಗೆ ಸ್ಪ್ರಿಂಗಿನ ಹಾಗೆ ಬಳುಕುವ ಹದ ಕೊಡಿಸಿ ತಂದರು. ಕಪಾಟಿನ ಪ್ರತಿ ಹಲಗೆಯ ಒಂದು ತುದಿ ಅಂಥ ಪಟ್ಟಿಯ ಮೇಲೆ ಕೂರುವಂತೆ ಮಾಡಿದರು. ಪುಸ್ತಕ ತೆಗೆದರೆ ಹಲಗೆ ಹಗುರಾಗಿ ತುಸು ಏಳಬೇಕು, ಆ ತುಸುವನ್ನು ಒಂದು ಉದ್ದನೆಯ ಕಡ್ಡಿ ದೊಡ್ಡದು ಮಾಡಿ, ತುದಿಯಲ್ಲಿದ್ದ ಅಂಕಿಗಾಲಿಯನ್ನು, ಅಂದರೆ ಸುತ್ತ ಅಂಕಿ ಕೊರೆದ ಗಾಲಿಯನ್ನು, ಒಂದು ಅಂಕಿ ಮುಂದೆ ತಳ್ಳಬೇಕು. ಆ ಅಂಕಿಗಾಲಿಗಳು ಬಟ್ಟೆ ಗಿರಣಿಗಳ ಹಳೆಯ ಮಗ್ಗಗಳಿಂದ ಬಿಚ್ಚಿ ಗುಜರಿಗೆ ಹಾಕಿದ್ದಂಥವು. ಪುಸ್ತಕ ವಾಪಸ್ ಇಟ್ಟಾಗ ಅವು ಅಲುಗುತ್ತಿರಲಿಲ್ಲ. ನೋಡಲು ಇಷ್ಟೇ. ಆದರೆ ಇಷ್ಟನ್ನು ಮಾಡಿಸಲು ಅವರು ಪಟ್ಟ ಪಾಡು ನೋಡಿದರೆ ಕೈ ಮುಗಿಯಬೇಕು. ತೆಳುವಾದ ಸಂಪುಟ ತೆಗೆದರೆ ಹಲಗೆ ಮಿಸುಕುತ್ತಿರಲಿಲ್ಲ, ಪಟ್ಟಿಯನ್ನು ಉಜ್ಜಿ ಉಜ್ಜಿ ಮೃದು ಮಾಡಿದರು. ಮೃದುವಾದ ಮೇಲೆ, ಸ್ಟೇಷನ್ನಿನಲ್ಲಿ ನಿಲ್ಲದೆ ನೆಲ ನಡುಗಿಸುತ್ತ ಹೋಗುವ ಪ್ರತಿ ಫಾಸ್ಟ್ ಲೋಕಲ್ ರೈಲೂ ನಮ್ಮ ಕೃಷಿ ವಿಭಾಗಕ್ಕೆ ಓದುಗನಾಗಿ ಸೇರತೊಡಗಿತು. ನಾನು ಹೊಟ್ಟೆ ಹಿಡಿದು ನಕ್ಕೆ. ಅವರು ನಗಲಿಲ್ಲ. ಹಳೆಯ ಹವಾಯಿ ಚಪ್ಪಲಿಗಳನ್ನು ಕತ್ತರಿಸಿ ಕಪಾಟಿನ ಕಾಲುಗಳ ಕೆಳಗಿಟ್ಟರು. ಆಮೇಲೆ ರೈಲುಗಳು ಓದುವುದನ್ನು ಬಿಟ್ಟವು.

ಕಸ ಗುಡಿಸುವವರಿಗೂ ಆ ಕಪಾಟುಗಳನ್ನು ಮುಟ್ಟಬೇಡಿ ಎಂದು ಹೇಳಿದೆವು, ಧೂಳನ್ನು ನಾನೇ ಬಟ್ಟೆಯಿಂದ ಮೇಲೆ ಮೇಲೆ ಒರೆಸಿಕೊಂಡೆ. ಅಂಕಿಗಳು ಏರತೊಡಗಿದವು. ಬೀಜದ ಸಂಪುಟಗಳಿದ್ದ ಹಲಗೆ ಚೆನ್ನಾಗಿ ನಡೆಯಿತು, ಹುಳದ ಹಲಗೆಯೂ ನಡೆಯಿತು. ಎಲ್ಲಕ್ಕಿಂತ ಮುಂದೆ ಓಡಿದ್ದು ಮೂಲೆಯಲ್ಲಿದ್ದ ಮಣ್ಣಿನ ಹಲಗೆ. ಸಾಹೇಬರು ದಿನಾ ಸಂಜೆ ಕನ್ನಡಕ ಹಣೆಗೇರಿಸಿ ಅಂಕಿಗಾಲಿಗಳ ಮುಂದೆ ಬಗ್ಗುತ್ತಿದ್ದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮೊದಲು ನೋಡಿರಲಿಲ್ಲ.

ಸಭೆಗೆ ಇನ್ನೇನು ಕೆಲವು ದಿನ ಇದ್ದಾಗ, ರೈಲು ನೌಕರರ ಮುಷ್ಕರದ ಗುಲ್ಲು ಕೇಳಿ ನಾನು ಬೆಳಿಗ್ಗೆ ಬೇಗ ಹೊರಟು ಲೈಬ್ರರಿಗೆ ಬಂದೆ. ಬಾಗಿಲು ತೆರೆದಿತ್ತು. ಮಣ್ಣಿನ ಹಲಗೆಯ ಮುಂದೆ ಸಾಹೇಬರು ನಿಂತುಕೊಂಡೇ ಓದುತ್ತಿದ್ದರು. ನಾನು ನೋಡ ನೋಡುತ್ತ ಆ ಸಂಪುಟವನ್ನಿಟ್ಟು ಇನ್ನೊಂದು ತೆಗೆದರು. ಹಲಗೆಯ ಕೆಳಗೆ ಅಂಕಿಗಾಲಿ ಟಕ್ ಎಂದಿತು.

"ದಿನಾ ಹಿಂಗ ಓದ್ತೀರೇನ್ರಿ ಸರ್?" ಅಂದೆ.

"ಹೌದು, ಯಾವತ್ತೂ. ಆಫೀಸು ಶುರುವಾಗುವ ಮುಂಚೆ..." ಎನ್ನುತ್ತಿದ್ದವರು ಥಟ್ಟನೆ ಮಾತು ನಿಲ್ಲಿಸಿದರು. ಕೈಯಲ್ಲಿದ್ದ ಸಂಪುಟವನ್ನು ನೋಡಿದರು, ಕೆಳಗಿನ ಅಂಕಿಗಾಲಿಯನ್ನು ನೋಡಿದರು.

ತಮ್ಮ ಓದೂ ಎಣಿಕೆಗೆ ಸೇರುತ್ತಿದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ನಾನು ನಂಬುತ್ತೇನೆ. ಬಾಗಿಲು ತೆರೆಯುವುದು, ಕಿಟಕಿ ತೆರೆಯುವುದು, ಒಂದು ಸಂಪುಟ ಓದುವುದು, ಅವರಿಗೆ ಇವೆಲ್ಲ ಒಂದೇ ಕೆಲಸದ ಭಾಗ. ಅದನ್ನು ಅವರು ಓದು ಎಂದುಕೊಂಡಿರಲೇ ಇಲ್ಲ.

ಇಂಜಿನಿಯರರನ್ನು ಕರೆಸಿ, ತಮ್ಮ ಪಾಲನ್ನು ಬೇರೆ ತೆಗೆಯಲು ಆಗುತ್ತದೆಯೇ ಎಂದು ಕೇಳಿದರು. ಇಂಜಿನಿಯರರು ಅಡ್ಡಡ್ಡ ತಲೆಯಾಡಿಸಿದರು. "ಸ್ಪ್ರಿಂಗಿಗೆ ಭಾರ ಗೊತ್ತು ಸಾಹೇಬ್, ಕೈ ಯಾರ್ದು ಅಂತ ಗೊತ್ತಿಲ್ಲ."

"ಹಾಗಾದ್ರೆ ಆ ಹಲಗೆಯ ಲೆಕ್ಕ ಪೂರ್ತಿ ಬಿಡುವ," ಅಂದರು ಸಾಹೇಬರು.

ನಾನು ಜಗಳಕ್ಕೇ ನಿಂತೆ. "ಯಾಕ್ ಬಿಡಬೇಕ್ರಿ? ನೀವು ಓದಿದ್ದು ಓದಲ್ಲೇನು? ಅಡಗಿ ಮಾಡಾಕಿ ಉಣ್ಣಂಗಿಲ್ಲೇನ್ರಿ?"

"ಉಣ್ತಾಳೆ ಮಾರಾಯ್ತಿ. ಆದ್ರೆ ಪಂಕ್ತಿಯ ಎಲೆ ಲೆಕ್ಕ ಮಾಡುವಾಗ ಅವಳ ಎಲೆ ಲೆಕ್ಕಕ್ಕಿಲ್ಲ," ಅಂದರು. "ಡೈರೆಕ್ಟರು ಕೇಳಿದ್ದು ಓದುಗರನ್ನು. ನಾನು ಇಲ್ಲಿಯ ಕೆಲಸದವ."

ಸಭೆ ಇಂಗ್ಲಿಷಿನಲ್ಲಿ ನಡೆಯಿತು. ಗೀಟುಗಳ ವಿವರ ಹೇಳಲು ನನ್ನನ್ನೂ ಕರೆದಿದ್ದರು. ಸಾಹೇಬರು ಎದ್ದು ನಿಂತು, ಹಲಗೆ ಹಲಗೆಯ ಲೆಕ್ಕ ಓದಿ, ಮಣ್ಣಿನ ಹಲಗೆಯನ್ನು ಬಿಟ್ಟಿದ್ದೇನೆ, ಅದನ್ನು ಹೆಚ್ಚಾಗಿ ಮುಟ್ಟಿದವನು ನಾನೇ ಎಂದರು. ಒಬ್ಬರಿಬ್ಬರು ನಕ್ಕರು. ಡೈರೆಕ್ಟರರು ನಗಲಿಲ್ಲ. ನೀವು ಮಣ್ಣಿನ ಬಗ್ಗೆ ಯಾಕೆ ಓದುತ್ತೀರಿ ಎಂದು ಕೇಳಿದರು. ಸಾಹೇಬರು ಕೊಟ್ಟ ಉತ್ತರ ಸರಳ. ಅಷ್ಟು ದೂರದಿಂದ ಪುಸ್ತಕ ತರಿಸಿದ ಮೇಲೆ ಒಬ್ಬರಾದರೂ ಓದಬೇಕಲ್ಲ. ಯಾರೂ ಓದದ ಹಲಗೆ ಯಾವುದೆಂದು ನೋಡಿ, ಅದನ್ನು ನಾನು ಓದುತ್ತೇನೆ ಎಂದರು.

ನಾನು ಕೂತಲ್ಲಿಂದ ಎದ್ದೆ. ಅವರ ಓದನ್ನು ಲೆಕ್ಕಕ್ಕೆ ಸೇರಿಸದಿದ್ದರೆ ನನ್ನ ಗೀಟುಗಳನ್ನೂ ಹರಿದು ಹಾಕಿ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ. ಯಾರೂ ಬೈಯಲಿಲ್ಲ, ಯಾರೂ ಕೇಳಲೂ ಇಲ್ಲ.

ತೀರ್ಮಾನ ನ್ಯಾಯವಾಗಿಯೇ ಇತ್ತು. ಉಳಿದ ಹಲಗೆಗಳ ಲೆಕ್ಕ ಗಟ್ಟಿಯಾಗಿದೆ, ಲೆಕ್ಕ ಹೇಳಿದವರು ಅದಕ್ಕಿಂತ ಗಟ್ಟಿ, ಆದ್ದರಿಂದ ಕೃಷಿ ವಿಭಾಗ ಇನ್ನೊಂದು ವರ್ಷ ಇರಲಿ, ಆಮೇಲೆ ಮತ್ತೆ ಎಣಿಸೋಣ. ಮಣ್ಣಿನ ಸಂಪುಟಗಳಿಗೆ ಓದುಗರಿಲ್ಲ ಎಂದು ಲೈಬ್ರೇರಿಯನ್ನರೇ ಹೇಳಿರುವುದರಿಂದ ಅವು ವಿದರ್ಭದ ಒಂದು ಕೃಷಿ ಶಾಲೆಗೆ ಹೋಗಲಿ. ಸಾಹೇಬರು ಆ ಸಂಪುಟಗಳನ್ನು ತಾವೇ ಸೆಣಬಿನ ಹುರಿಯಿಂದ ಕಟ್ಟಿ, ಟೆಂಪೋದ ತನಕ ಹೋಗಿ ಬಂದರು.

"ಬ್ಯಾಸರಾತೇನ್ರಿ ಸರ್?" ಎಂದು ಕೇಳಿದೆ.

"ಬೇಸರ ಆಗದೆ ಇರ್ತದಾ? ತುಂಬ ಆಯ್ತು," ಎಂದು ಹೇಳಿ, ಖಾಲಿ ಹಲಗೆಯನ್ನು ಒರೆಸತೊಡಗಿದರು.

ವರ್ಷ ತಿರುಗುವ ಮೊದಲೇ ಅವರ ನಿವೃತ್ತಿಯಾಯಿತು. ಹಾರ, ಶಾಲು, ಭಾಷಣ ಎಲ್ಲ ಆಯಿತು. ಊರಿಗೆ ಹೋಗುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಎರಡನೆಯ ಎಣಿಕೆ ನಡೆಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ, ಬಾಗಿಲು ತೆರೆದ ಮೇಲೆ, ಎಲ್ಲರ ಹಾಗೆ ಮೆಟ್ಟಿಲು ಹತ್ತಿ ಅವರು ಬಂದರು. ಅದೇ ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೊರಗಿನವರು ಓದಲು ಬೇಕಾದ ಡೈರೆಕ್ಟರರ ಅನುಮತಿ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು. ನಾನು ಗಾಬರಿಯಿಂದ ಎದ್ದು ನಿಂತೆ. ಕೂತುಕೋ ಎಂದು ಕೈಸನ್ನೆ ಮಾಡಿ, ಕೃಷಿ ಕೋಣೆಗೆ ಹೋಗಿ, ಬೀಜದ ಹಲಗೆಯಿಂದ ಒಂದು ಸಂಪುಟ ತೆಗೆದರು.

"ಇವತ್ತಿನಿಂದ ನನ್ನನ್ನೂ ಎಣಿಸ್ಬಹುದು ಮಾರಾಯ್ತಿ," ಅಂದರು.

ನಾನು ಎಣಿಸಿದೆ.