ಹೆಜ್ಜೇನು ಎದ್ದ ಹೂಬೀದಿ

ಕನ್ನಿಯಮ್ಮಾಳ್ ಹುಟ್ಟಿದ್ದೂ ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ, ಮದುವೆಯಾಗಿ ಸೇರಿದ್ದೂ ಸೋಮನೂರಿನದೇ ಇನ್ನೊಂದು ಬೀದಿಯ ನೇಯ್ಗೆಯವರ ಮನೆ. ಮನೆಗೆ ಅಂಟಿಕೊಂಡಂತೆಯೇ ಪವರ್‌ಲೂಮ್ ಶೆಡ್ಡು. ಹಗಲೆಲ್ಲ ಅದರೊಳಗಿನ ಮಗ್ಗದ ಸದ್ದಿನಲ್ಲಿ ನಿಂತು ನಿಂತು ಅವಳ ಕಿವಿ ಹೋಯಿತು. ಒಂದೇ ದಿನ ಹೋದದ್ದಲ್ಲ. ಕುಕ್ಕರಿನ ಕೂಗು ಕೇಳಿಸದೆ ಬೇಳೆ ಸೀದಾಗಲೇ ಮನೆಯವರಿಗೆ ಅದು ತಿಳಿದದ್ದು.

ಎದುರಿಗೆ ನಿಂತು ಮಾತನಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಅದೂ ಮನೆಯೊಳಗಿನ ಕನ್ನಡವಾದರೆ ಸರಿ. ಹೊಸಬರು ಸರಸರನೆ ಆಡುವ ತಮಿಳು ಅವಳ ಕಣ್ಣಿಗೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಇದರಿಂದ ಅಂಥ ಕಷ್ಟವೇನೂ ಇರಲಿಲ್ಲ. ಕಷ್ಟವೆಲ್ಲ ರಸ್ತೆಯದು. ಹಿಂದಿನಿಂದ ಬರುವ ಲಾರಿ ಪಕ್ಕಕ್ಕೆ ಬಂದು ಗಾಳಿ ಬಡಿದ ಮೇಲೆಯೇ ಅವಳಿಗೆ ಗೊತ್ತಾಗುವುದು. ಹೀಗೆ ಒಮ್ಮೆ ಸೆರಗು ಸಿಕ್ಕಿಕೊಂಡು ಬಿದ್ದಳು. ಆಮೇಲೆ ರಸ್ತೆಗೆ ಇಳಿದರೆ ನಾಲ್ಕು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುವಳು. ಒಬ್ಬಳೇ ರಸ್ತೆ ದಾಟುವುದನ್ನಂತೂ ಬಿಟ್ಟೇಬಿಟ್ಟಳು.

ಮಗಳು ಶೋಭನಾ ಕೊಯಮತ್ತೂರಿನಲ್ಲಿ ಪಂಪ್ ತಯಾರಿಸುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮಾರ್ಚ್ ತಿಂಗಳಲ್ಲಿ ಕನ್ನಿಯಮ್ಮಾಳ್ ಅವಳ ಮನೆಗೆ ಬಂದಾಗ, ಆರು ವರ್ಷದ ಮೊಮ್ಮಗಳು ಪ್ರಕೃತಿಗೆ ಒಂದೇ ಹಟ. ಅವರ ಮನೆಯಿಂದ ಸ್ವಲ್ಪ ದೂರದ ಬೀದಿಯ ಎರಡೂ ಬದಿಯ ಮರಗಳು ಎಲೆಯೆಲ್ಲ ಉದುರಿಸಿ, ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟಿದ್ದವು. ಅದನ್ನು ಅವ್ವನಿಗೆ ತೋರಿಸಲೇಬೇಕು. ಅಜ್ಜಿಯನ್ನು ಅವಳು ಅವ್ವ ಎಂದೇ ಕರೆಯುತ್ತಿದ್ದಳು.

"ನಾ ಬರಲ್ಲ. ಟೌನ್ ರೋಡು, ನನಗೆ ಬಯ ಆಗ್ತದೆ" ಎಂದಳು ಕನ್ನಿಯಮ್ಮಾಳ್.

ಶೋಭನಾ ತಾಯಿಯ ಮುಂದೆ ಕುಳಿತು ನಿಧಾನವಾಗಿ ಹೇಳಿದಳು: "ಞಾಯಿತ್ತುಕ್ಕಿಳಮೆ ಬೆಳಿಗ್ಗೆ ಅಲ್ಲಿ ವಂಡಿ ಕಮ್ಮಿ ಅಮ್ಮ. ನಾ ಕೂಡವೇ ಇರ್ತೀನಿ."

ಅವಳು ಹೇಳಿದ ಭಾನುವಾರವೇ ಮೂವರೂ ಹೋದರು. ಬಿಸಿಲು ಇನ್ನೂ ಏರಿರಲಿಲ್ಲ. ಕನ್ನಿಯಮ್ಮಾಳ್ ಮೊದಮೊದಲು ಗೋಡೆಯ ಬದಿಗೇ ಅಂಟಿಕೊಂಡು, ಹಿಂತಿರುಗಿ ನೋಡುತ್ತ ನಡೆದಳು. ಆಮೇಲೆ ತಲೆ ಎತ್ತಿದಳು. ಕೊಂಬೆ ಕೊಂಬೆಗಳಲ್ಲಿ ಹೂವಿನ ಗೊಂಚಲು, ಸಂದಿಯಲ್ಲಿ ಆಕಾಶದ ಚೂರು. ನೆಲದ ಮೇಲೂ ಹೂ ಹಾಸಿಕೊಂಡು, ಎಲ್ಲಿ ಕಾಲಿಡುವುದೆಂದು ಅವಳಿಗೆ ತೋಚಲಿಲ್ಲ. ಕಾಲೇಜಿನ ಹುಡುಗ ಹುಡುಗಿಯರು ಮರಕ್ಕೊಬ್ಬರಂತೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪ್ರಕೃತಿ ಬಿದ್ದ ಹೂಗಳನ್ನು ಆರಿಸಿ ಆರಿಸಿ ಅಜ್ಜಿಯ ಮಡಿಲಿಗೆ ಹಾಕಿದಳು. ಕನ್ನಿಯಮ್ಮಾಳ್ ಒಂದು ಹೂವನ್ನು ಮೂಗಿಗೆ ಹಿಡಿದು, "ಇದಕ್ಕೆ ವಾಸನೇನೇ ಇಲ್ವಲ್ಲ ಕಣ್ಣು" ಎಂದು ಮೊಮ್ಮಗಳಿಗೆ ಮುದ್ದಿನಿಂದ ಹೇಳಿ ನಕ್ಕಳು. ಎಷ್ಟೋ ಹೊತ್ತಿನಿಂದ ಹಿಂತಿರುಗಿ ನೋಡಿಯೇ ಇಲ್ಲವೆಂಬುದು ಅವಳ ಗಮನಕ್ಕೇ ಬರಲಿಲ್ಲ.

ಎಳನೀರು ತರುತ್ತೇನೆಂದು ಶೋಭನಾ ಬೀದಿಯ ಕೊನೆಗೆ ಹೋದಳು.

ಆ ಸಾಲಿನ ನಡುವೆ ಒಂದು ಹಳೆಯ ಮಳೆಮರವಿತ್ತು. ಅದರ ಎತ್ತರದ ಕೊಂಬೆಯಲ್ಲಿ ಹೆಜ್ಜೇನು ಗೂಡು ಕಟ್ಟಿತ್ತು. ಎಲ್ಲರ ಕಣ್ಣೂ ಗುಲಾಬಿ ಹೂಗಳ ಮೇಲಿದ್ದುದರಿಂದ ಅದನ್ನು ಯಾರೂ ಗಮನಿಸಿರಲಿಲ್ಲ. ಹದ್ದೊಂದು ಬಂದು ಆ ಗೂಡಿಗೆ ಎರಗಿತು.

ಕನ್ನಿಯಮ್ಮಾಳ್ ಕಂಡದ್ದು ಇಷ್ಟು: ಫೋಟೊ ತೆಗೆಸಿಕೊಳ್ಳುತ್ತಿದ್ದ ಹುಡುಗಿಯರು ಇದ್ದಕ್ಕಿದ್ದಂತೆ ಓಡತೊಡಗಿದರು. ಎಲ್ಲರ ಬಾಯಿಯೂ ತೆರೆದಿತ್ತು. ಒಬ್ಬ ಸ್ಕೂಟರನ್ನು ನಡುರಸ್ತೆಯಲ್ಲೇ ಬೀಳಿಸಿ ಓಡಿದ. ಅವಳಿಗೆ ಮೊದಲು ನೆನಪಾದದ್ದು ಲಾರಿ. ಮೊಮ್ಮಗಳ ಕೈ ಬಿಗಿಯಾಗಿ ಹಿಡಿದು ಹಿಂತಿರುಗಿದಳು. ಹಿಂದೆ ಏನೂ ಇರಲಿಲ್ಲ, ಖಾಲಿ ರಸ್ತೆ. ಈ ಕಡೆ ನೋಡಿದಳು, ಆ ಕಡೆ ನೋಡಿದಳು. ಇಷ್ಟು ಜನ ಹೆದರಿ ಓಡುತ್ತಿದ್ದಾರೆ, ಯಾವುದಕ್ಕೆಂದು ಮಾತ್ರ ಕಾಣುತ್ತಿಲ್ಲ. ಎತ್ತ ಹೋಗುವುದೆಂದು ತಿಳಿಯದೆ ನಿಂತಳು. ಅಷ್ಟರಲ್ಲಿ ಕುತ್ತಿಗೆಗೆ ಬೆಂಕಿ ತಗುಲಿದಂತೆ ಚುರ್ ಎಂದಿತು.

ಆಗಲೇ ಖಾಕಿ ಅಂಗಿಯ ಗಂಡಸೊಬ್ಬ ಹಿಂದಿನಿಂದ ಬಂದು, ಅವಳ ಕೈಯಿಂದ ಮಗುವನ್ನು ಕಿತ್ತು, ಎದೆಗೆ ಅವುಚಿಕೊಂಡು ಓಡಿದ.

ಮಡಿಲಿನ ಹೂವೆಲ್ಲ ಚೆಲ್ಲಿತು. "ಪಾಪಾನ ಎತ್ಕೊಂಡು ಹೋಗ್ತವ್ನೆ, ಹಿಡೀರಿ" ಎಂದು ಕೂಗಿದಳು. ಗಂಟಲಿನಿಂದ ದನಿ ಹೊರಟಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಹಿಂದೆಯೇ ಓಡಿ ಅವನ ಬೆನ್ನಿಗೆ ಗುದ್ದಿದಳು, ಅಂಗಿ ಹಿಡಿದು ಜಗ್ಗಿದಳು. ಅವನು ನಿಲ್ಲಲಿಲ್ಲ. ಅವನ ಹೆಗಲ ಮೇಲಿಂದ ಪ್ರಕೃತಿಯ ಮುಖ ಕಾಣುತ್ತಿತ್ತು. ಮಗು ಅಳುತ್ತ ಏನೋ ಹೇಳುತ್ತಿತ್ತು, ಆದರೆ ಆ ಕುಲುಕಾಟದಲ್ಲಿ ತುಟಿ ನಿಲ್ಲಲಿಲ್ಲ.

ಅವನು ಬೀದಿಯ ಬಾಯಿ ದಾಟಿ ದೊಡ್ಡ ರಸ್ತೆಗೆ ಇಳಿದ. ಅವಳೂ ಇಳಿದಳು. ಬಲಕ್ಕೆ ನೋಡಲಿಲ್ಲ, ಎಡಕ್ಕೂ ನೋಡಲಿಲ್ಲ. ಟೌನ್ ಬಸ್ಸೊಂದು ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಗಾಜಿನ ಹಿಂದೆ ಡ್ರೈವರನ ಮುಖ ಬಿಳಿಚಿಕೊಂಡಿದ್ದು ಅವಳಿಗೆ ಕಂಡಿತು, ಅಷ್ಟೇ. ಎದುರು ಬದಿಯಲ್ಲಿ ಬೇಕರಿಯೊಂದರ ಶಟರ್ ಅರ್ಧ ಇಳಿದಿತ್ತು. ಖಾಕಿ ಅಂಗಿಯವನು ಮಗುವಿನೊಂದಿಗೆ ಬಗ್ಗಿ ಒಳಗೆ ನುಗ್ಗಿದ. ಶಟರ್ ನೆಲದವರೆಗೂ ಇಳಿಯಿತು.

ಕನ್ನಿಯಮ್ಮಾಳ್ ಆಮೇಲೆ ಬದುಕಿನುದ್ದಕ್ಕೂ ಹೇಳುತ್ತಿದ್ದದ್ದು ಆ ಒಂದು ಗಳಿಗೆಯ ಮಾತನ್ನೇ. ಗಂಡ ಸತ್ತ ದಿನ ಅವಳಿಗೆ ಅಷ್ಟು ಭಯವಾಗಿರಲಿಲ್ಲವಂತೆ. ಎರಡೂ ಅಂಗೈಯಿಂದ ಶಟರನ್ನು ಬಡಿದಳು. ಒಳಗಿನಿಂದ ಯಾರಾದರೂ ಏನಾದರೂ ಹೇಳುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳುವಂತೆಯೂ ಇಲ್ಲ. ಕೈ, ಕೆನ್ನೆ, ಕಿವಿಯ ಹಿಂದೆಲ್ಲ ಉರಿ. ಆಗ ತನ್ನ ಕೈಯ ಮೇಲೆ ಕೂತ ಹುಳುವನ್ನು ಅವಳು ನೋಡಿದಳು, ಶಟರಿನ ಮೇಲೆ ಹರಿದಾಡುತ್ತಿದ್ದ ಇನ್ನಷ್ಟನ್ನೂ ನೋಡಿದಳು. ನೋಡಿದರೂ ಏನೂ ಅರ್ಥವಾಗಲಿಲ್ಲ. ಮಗು ಒಳಗಿದೆ ಎಂಬುದೊಂದೇ ತಲೆಯಲ್ಲಿ.

ಶಟರ್ ಸ್ವಲ್ಪ ಮೇಲೆದ್ದಿತು. ಒಂದು ಕೈ ಹೊರಬಂದು ಅವಳ ಸೀರೆಯ ನೆರಿಗೆ ಹಿಡಿದು ಎಳೆಯಿತು. ನೆಲದ ಮೇಲೆ ತೆವಳಿ ಒಳಗೆ ಹೋದಳು. ಹಿಂದೆಯೇ ಶಟರ್ ಮುಚ್ಚಿತು. ಅರೆಗತ್ತಲೆಯಲ್ಲಿ ಏಳೆಂಟು ಜನ ಒತ್ತಿಕೊಂಡು ನಿಂತಿದ್ದರು. ಖಾಕಿ ಅಂಗಿಯವನನ್ನು ಕಂಡವಳೇ ಅವನ ಕೆನ್ನೆಗೆ ಹೊಡೆದಳು. ಮತ್ತೆ ಕೈ ಎತ್ತಿದಾಗ ಪ್ರಕೃತಿ ನಡುವೆ ಬಂದು ಅಜ್ಜಿಯ ಸೆರಗು ಹಿಡಿದು ಕೆಳಗೆ ಕೂರಿಸಿದಳು. ಎರಡೂ ಕೈಯಿಂದ ಅವಳ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಅವ್ವ. ಜೇನು. ಜೇನು ಕಡೀತು. ಈ ಮಾಮ ನನ್ನ ಕಾಪಾತಿದ್ರು."

ಕನ್ನಿಯಮ್ಮಾಳ್ ಎತ್ತಿದ ಕೈಯನ್ನು ಇಳಿಸಿದಳು. ಅವನ ಒಂದು ಕಣ್ಣು ಆಗಲೇ ಊದಿ ಮುಚ್ಚಿಕೊಂಡಿತ್ತು. ಮಗುವಿನ ಮೈಮೇಲೆ ಒಂದೆರಡು ಕಡಿತ, ಅಷ್ಟೇ. ಅವಳು ಮೊಮ್ಮಗಳ ಕೈ, ಕಾಲು, ಬೆನ್ನು ಎಲ್ಲ ತಡವಿ ನೋಡಿದಳು. ಆಮೇಲೆ ಅವಳಿಗೇ ಉಸಿರು ಕಟ್ಟತೊಡಗಿತು.

ಆಂಬುಲೆನ್ಸ್ ಬರುವ ಹೊತ್ತಿಗೆ ಶೋಭನಾ ಓಡಿಬಂದಳು. ಅಲ್ಲಿಯವರೆಗೂ ಅವಳು ಯಾರದೋ ಕಾರಿನೊಳಗೆ ಸಿಕ್ಕಿಕೊಂಡು, ಗಾಜಿನಿಂದ ಖಾಲಿ ಬೀದಿ ನೋಡುತ್ತ, ತಾಯಿ ಮಗು ಇಬ್ಬರೂ ಎಲ್ಲಿ ಹೋದರೆಂದು ತಿಳಿಯದೆ ಕುಳಿತಿದ್ದಳು. ಆಸ್ಪತ್ರೆಯಲ್ಲಿ ಕನ್ನಿಯಮ್ಮಾಳ ಮೈಯಲ್ಲಿ ನಾಟಿದ್ದ ಜೇನಿನ ಮುಳ್ಳುಗಳನ್ನು ತೆಗೆದು, ಚುಚ್ಚುಮದ್ದು ಕೊಟ್ಟು, ಆಮ್ಲಜನಕ ಇಟ್ಟರು. ಮುಖ ಊದುತ್ತ ಊದುತ್ತ ರೆಪ್ಪೆಗಳು ಮುಚ್ಚಿಕೊಳ್ಳತೊಡಗಿದವು. ಕಿವಿಯೂ ಇಲ್ಲ, ಈಗ ಕಣ್ಣೂ ಹೋದರೆ ಜಗತ್ತೇ ಇಲ್ಲವಾಗುತ್ತದೆಂದು ಅವಳು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದುಕೊಂಡಳು. ನರ್ಸ್ ಕೈ ಸರಿಸಿದರೂ ಮತ್ತೆ ರೆಪ್ಪೆಗೇ ಕೈ ಹಾಕಿದಳು. ಶೋಭನಾ ಅವಳ ಅಂಗೈ ಮೇಲೆ ತನ್ನ ಅಂಗೈ ಇಟ್ಟು ಕುಳಿತಳು. ಊತ ಇಳಿದು ಕಣ್ಣು ತೆರೆಯುವವರೆಗೂ ಆ ಕೈಯನ್ನು ತೆಗೆಯಲು ತಾಯಿ ಬಿಡಲಿಲ್ಲ.

ಮಾರನೆಯ ದಿನ ಖಾಕಿ ಅಂಗಿಯವನು ಆಸ್ಪತ್ರೆಗೆ ಬಂದ. ಹೆಸರು ಗೋವಿಂದಸಾಮಿ, ಆ ಬೀದಿಯ ಆಟೋ ಸ್ಟ್ಯಾಂಡಿನವನು. ಅವನು ಹೇಳಿದ್ದನ್ನು ಶೋಭನಾ ತಾಯಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ಹಿಂದಿಂದ ಅಮ್ಮಾ ಅಮ್ಮಾ ಅಂತ ಕೂಗ್ದೆ, ನೀವು ಅಲುಗಲೇ ಇಲ್ಲ, ಅದಕ್ಕೇ ಮಗೂನ ಕಿತ್ಕೊಂಡೆ ಅಂತಾರೆ. ಕಿವಿ ಕೇಳಲ್ಲ ಅಂತ ತಿಳೀಲಿಲ್ವಂತೆ."

ಕನ್ನಿಯಮ್ಮಾಳ್ ಅವನ ಊದಿದ ಕಣ್ಣನ್ನು ನೋಡಿ ಕೈ ಜೋಡಿಸಿದಳು. "ಹೊಡೆದುಬಿಟ್ಟೆ, ಮನಸಲ್ಲಿ ಇಟ್ಕೋಬೇಡ ಅಂತ ಹೇಳು ಅವನಿಗೆ" ಎಂದಳು.

ಅವನು ಕೆನ್ನೆ ಉಜ್ಜಿಕೊಂಡು ಏನೋ ಹೇಳಿದ. ಶೋಭನಾಗೆ ನಗು ಬಂತು. "ಜೇನಿನ ಕಡಿತ ಆರಿತಂತೆ, ನಿನ್ನ ಏಟು ಇನ್ನೂ ನೋಯ್ತಾ ಇದೆಯಂತೆ."

ಮನೆಗೆ ಬಂದ ಮೇಲೂ ಕನ್ನಿಯಮ್ಮಾಳ್ ಹೊಸ್ತಿಲು ದಾಟಲಿಲ್ಲ. ಕಿಟಕಿಯ ಬಳಿ ನೊಣ ಹಾರಿದರೂ ಮೊಮ್ಮಗಳ ಮೇಲೆ ಟವೆಲ್ ಹೊದಿಸುವಳು. ಸೋಮನೂರಿಗೆ ಹೊರಡುವ ದಿನ ಗೋವಿಂದಸಾಮಿಯ ಆಟೋವನ್ನೇ ಕರೆಸಿದರು. ಮೂವರೂ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಪ್ರಕೃತಿ ಅವನ ಕಿವಿಯಲ್ಲಿ ಏನೋ ಹೇಳಿದಳು. ಆಟೋ ತಿರುಗಿ ಹೂವಿನ ಬೀದಿಗೆ ಬಂತು. ಹೆಜ್ಜೇನು ಗೂಡನ್ನು ತೆಗೆಸಿದ್ದರು. ಮರಗಳಲ್ಲಿ ಹೂ ಕಡಿಮೆಯಾಗಿ ಚಿಗುರು ಕಾಣಿಸಿಕೊಂಡಿತ್ತು. ಕನ್ನಿಯಮ್ಮಾಳ್ ಮಗುವನ್ನು ಮೈಗೊತ್ತಿಕೊಂಡು, ಕಂಬಿ ಹಿಡಿದು, ತಲೆ ತಗ್ಗಿಸಿ ಕುಳಿತಳು. ಬೀದಿ ಮುಗಿಯುತ್ತ ಬಂದಾಗ ಮೆಲ್ಲನೆ ತಲೆ ಹೊರಹಾಕಿ ಮೇಲೆ ನೋಡಿದಳು.

ಗೋವಿಂದಸಾಮಿ ಆಟೋ ನಿಲ್ಲಿಸಿ, ಹಿಂತಿರುಗಿ, ಸಾಕೇ ಎಂದು ಕೈಯಲ್ಲೇ ಕೇಳಿದ.

"ಇನ್ನೊಂದು ಸಲ ಹೋಗ್ಲಿ," ಎಂದಳು ಕನ್ನಿಯಮ್ಮಾಳ್ ಮಗಳಿಗೆ, "ಮೆಲ್ಲಗೆ ಹೋಗು ಅಂತ ಹೇಳು."