ಬಳ್ಳಾರಿಯಿಂದ ತಂದ ಮೊಳೆಗಳು

ರಾಯದುರ್ಗದಲ್ಲಿ ನನ್ನ ಸೋದರಮಾವನ ಅಚ್ಚುಕೂಟವಿತ್ತು. ಅಲ್ಲಿದ್ದ ಸೀಸದ ಅಚ್ಚುಮೊಳೆಗಳೆಲ್ಲ ತೆಲುಗಿನವು. ಕನ್ನಡದವರು ಲಗ್ನಪತ್ರಿಕೆ ಮಾಡಿಸಲು ಬಂದರೆ ಕನ್ನಡ ಮಾತನ್ನೇ ತೆಲುಗು ಅಕ್ಷರಗಳಲ್ಲಿ ಜೋಡಿಸಿ ಕೊಡುತ್ತಿದ್ದರು. ಅದಕ್ಕೆ ಯಾರೂ ತಕರಾರು ಮಾಡಿದ್ದನ್ನು ನಾನು ಕಾಣೆ. ಮದರಾಸಿನಲ್ಲಿ ಬಿ.ಎ. ಮುಗಿಸಿ ಬಂದ ನಾನು ಕನ್ನಡ ವಾರಪತ್ರಿಕೆ ತರುತ್ತೇನೆ ಎಂದಾಗ ಮಾವ ಹೇಳಿದ್ದೂ ಅದನ್ನೇ.

“ಇಲ್ಲಿ ಎಲ್ಲಾರೂ ಎರಡೂ ಓದ್ತಾರವ್ವ. ಇದ್ದ ಮೊಳಿಯಾಗ ಹೊಡಿ. ಬ್ಯಾರೇದು ಯಾಕ?”

“ಕನ್ನಡ ಅಕ್ಷರದಾಗ ಬಂದ್ರ ಪತ್ರಿಕೆ. ಇಲ್ಲಾಂದ್ರ ಬ್ಯಾಡೇ ಬ್ಯಾಡ, ಮಾವ.”

“ಹಂಗಾದ್ರ ನೀನೇ ತಗೊಂಡು ಬಾ. ನಾಕು ಪುಟ ಆಗೂವಷ್ಟು ತಂದ್ರ ಮಷೀನು ಬಿಟ್ಟುಕೊಡ್ತೀನಿ.”

ಬಳ್ಳಾರಿಯಲ್ಲಿ ಒಂದು ಅಚ್ಚುಕೂಟ ಮುಚ್ಚುತ್ತಿತ್ತು. ಅದರ ಮಾಲೀಕರು ಹಳೆಯ ಕನ್ನಡ ಮೊಳೆಗಳನ್ನು ಕಾಗದದಲ್ಲಿ ಕಟ್ಟಿ, ತೂಕಕ್ಕೆ ಮಾರುತ್ತಿದ್ದರು. ನಾನು ಅಲ್ಲಿಗೆ ಹೋಗಿ ಒಂದು ಕಟ್ಟಿನ ದಾರಕ್ಕೆ ಕೈ ಹಾಕಿದೆ.

“ಕಟ್ಟು ಬಿಚ್ಚೋ ಪದ್ಧತಿ ಇಲ್ರಿ ಇಲ್ಲಿ.”

“ಹಂಗಾದ್ರ ನಮ್ಮಲ್ಲಿ ಕೊಳ್ಳೋ ಪದ್ಧತಿ ಇಲ್ರಿ.”

“ಜೋಡೀಲಿ ಗಂಡಸರು ಯಾರೂ ಬಂದಿಲ್ಲೇನ್ರಿ?”

“ಮೊಳೆ ಬೇಕಾಗಿರೋದು ನನಗ.”

ಬಿಚ್ಚಿದೆ. ಕೆಲವಕ್ಕೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದೆ. ಅರ್ಧಕ್ಕರ್ಧ ಸವೆದಿದ್ದವು, ತಲೆಕಟ್ಟು ಮೂಡಲೇ ಇಲ್ಲ. ನೆಲದ ಮೇಲೆ ಕುಳಿತು ಒಂದೊಂದನ್ನೇ ಆರಿಸತೊಡಗಿದೆ.

“ಇದೇನು ಅಕ್ಕಿ ಏನ್ರಿ, ಆರಿಸಾಕ?”

“ಅಕ್ಕಿಯೊಳಗ ಇಷ್ಟು ಕಲ್ಲು ಇರಂಗಿಲ್ರಿ.”

ಆರಿಸಿದ್ದನ್ನು ಅವರು ತೂಗಿ ಕೊಟ್ಟರು. ಸಂಜೆಯ ರೈಲಿಗೆ ಹೊರಟಾಗ ನನ್ನ ಬೆರಳುಗಳು ಕಪ್ಪಾಗಿದ್ದವು, ಚೀಲ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಬಹಳ ಹಗುರ.

ಮಾವ ಮೊಳೆಗಳನ್ನು ಖಾನೆಗಳಿಗೆ ಹಾಕಿ ನೋಡಿದರು. “ಒಂದು ಪುಟಕ್ಕ ಆದೀತು. ನಾನು ಹೇಳಿದ್ದು ನಾಕು.”

“ನಾಕೇ ಮಾಡ್ತೀನಿ.”

ಮೊದಲ ಪುಟ ಜೋಡಿಸಿ, ಎಲ್ಲ ಪ್ರತಿಗಳಿಗೂ ಅದನ್ನು ಅಚ್ಚು ಹಾಕಿ, ಮೊಳೆಗಳನ್ನು ಬಿಚ್ಚಿ ತೊಳೆದು ಖಾನೆಗೆ ಹಾಕಿದೆ. ಅವೇ ಮೊಳೆಗಳಿಂದ ಎರಡನೆಯ ಪುಟ. ಮಾವನ ಕೆಲಸಗಾರರು ನಕ್ಕರು. ಎರಡು ಸಲಕ್ಕೆ ಆಗುವ ಕೆಲಸಕ್ಕೆ ನಾಲ್ಕು ಸಲ ಮಷೀನು ತುಳಿಯುವವರು ಯಾರು ಎಂದು ಮಾವ ಕೇಳಿದರು. ನಾನು ಸೆರಗು ಸಿಕ್ಕಿಸಿಕೊಂಡು ಪೆಡಲಿನ ಮೇಲೆ ಕಾಲಿಟ್ಟೆ.

ನಾಲ್ಕನೆಯ ಪುಟ ತುಳಿಯುತ್ತಿದ್ದಾಗ ಮಡಕಶಿರಾದ ಕಡೆಯವರೊಬ್ಬರು ಲಗ್ನಪತ್ರಿಕೆಗೆಂದು ಬಂದರು. ನಾನು ಒಣಗಲು ಹಾಕಿದ್ದ ಪತ್ರಿಕೆಯ ಹಾಳೆಯೊಂದನ್ನು ಮಾವ ಎತ್ತಿಕೊಂಡು ಬಾಗಿಲಿಗೆ ಹೋದರು.

“ನಾಳಿಗೆ ಬರ್ರಿ,” ಎಂದರು. “ಮಷೀನು ಖಾಲಿ ಇಲ್ಲ. ಅಲ್ಲೀತನಕ ಇದನ್ನ ಓದ್ರಿ.”