ಪುಷ್ಪಾವರಣದ ನೆತ್ತಿಯ ಮೇಲೆ

ಶಿರಸಿಯ ಕಾಲೇಜೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ನಮ್ಮ ವಿಭಾಗದ ಟಿಪ್ಪಣಿ ಪುಸ್ತಕ ಬಹಳ ವರ್ಷ ನನ್ನ ಕೈಯಲ್ಲೇ ತಯಾರಾಗುತ್ತಿತ್ತು. ಮಾತೃಕೆಗಳನ್ನು, ಅಂದರೆ ಅಂಕಿಗಳ ಚೌಕಗಳನ್ನು, ಟೈಪು ಮಾಡಿ, ಸುತ್ತ ಜಾಗ ಬಿಟ್ಟು, ಪ್ರಿಂಟ್ ತೆಗೆದ ಮೇಲೆ ಸಾಲುಗಳೆಷ್ಟೆಂದು ತೋರಿಸಲು ಕಪ್ಪು ಪೆನ್ನಿನಿಂದ ಪುಷ್ಪಾವರಣ, ಎಂದರೆ ಬಳುಕಿನ ಬ್ರಾಕೆಟ್ಟು, ಬರೆಯುತ್ತಿದ್ದೆ. ಆವರಣದ ನೆತ್ತಿಯ ಮೇಲೆ ‘ಮೂರು ಕಂಬಸಾಲು’, ಪಕ್ಕದ್ದಕ್ಕೆ ‘ನಾಲ್ಕು ಅಡ್ಡಸಾಲು’. ಆ ಬಳುಕು ನನ್ನಷ್ಟು ಚಂದ ಯಾರಿಗೂ ಬರುವುದಿಲ್ಲವೆಂದು ಸ್ಟಾಫ್ ರೂಮಿನಲ್ಲಿ ಮಾತಿತ್ತು. ಆ ಮಾತು ಹಬ್ಬಿಸಿದವನು ನಾನೇ ಇರಬೇಕು.

ಆಮೇಲೆ ಹೆಗ್ಗರಣೆ ಕಡೆಯಿಂದ ಹೊಸ ಅಧ್ಯಾಪಕಿ ಬಂದರು. ಅವರು ಬರೆಯುವುದು ಲೇಟೆಕ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ. ಪರದೆಯ ಮೇಲೆ ಬರೀ ಆಜ್ಞೆಗಳ ಸಾಲು, ಒಂದು ಗುಂಡಿ ಒತ್ತಿದರೆ ಮಾತೃಕೆ ಸಿದ್ಧ. ಆವರಣ ಬೇಕಾದಷ್ಟೇ ಅಗಲಕ್ಕೆ ತಾನಾಗಿ ಹಿಗ್ಗಿ, ಅದರ ಮೇಲಿನ ಬರಹ ಸರಿಯಾಗಿ ನಡುವಿಗೆ ಬಂದು ಕೂರುತ್ತಿತ್ತು. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ನನಗೆ ಹೊಟ್ಟೆ ಉರಿಯಿತು. ಕಲಿಸಿಕೊಡಲೇ ಎಂದು ಅವರಾಗಿಯೇ ಕೇಳಿದಾಗ ಪುರಸೊತ್ತಿಲ್ಲ ಎಂದೆ. ಪುರಸೊತ್ತು ಬೇಕಾದಷ್ಟಿತ್ತು.

ಆ ವರ್ಷದ ಪುಸ್ತಕವನ್ನು ವಿಭಾಗದ ಮುಖ್ಯಸ್ಥರು ಅವರಿಗೆ ವಹಿಸಿದರು. ನನ್ನನ್ನು ಒಂದು ಮಾತು ಕೇಳಲೂ ಇಲ್ಲ. ನನಗೆ ಉಳಿದದ್ದು ತಪ್ಪು ಹಿಡಿಯುವುದರಲ್ಲಿ ಗಟ್ಟಿಗ ಎಂಬ ಹೆಸರೊಂದೇ. ಅದನ್ನಾದರೂ ಗೌರವಿಸಬೇಕೆಂದೋ ಏನೋ, ಅಧ್ಯಾಪಕಿ ಅಚ್ಚಿಗೆ ಹೋಗುವ ಮುಂಚೆ ಕರಡು ತಂದು ನನ್ನ ಮೇಜಿನ ಮೇಲಿಟ್ಟರು.

“ಒಂದ್ಸಲ ನೋಡಿಕೊಡಿ ಸರ್. ನಿಮ್ಮ ಕಣ್ಣಿಗೆ ಬಿದ್ರೆ ತಪ್ಪು ಉಳಿತಿಲ್ಲೆ” ಎಂದರು.

ತಪ್ಪಿಗಾಗಿಯೇ ಹುಡುಕಿದೆ, ಸಿಕ್ಕಿತು. ಐದು ಕಂಬಸಾಲುಗಳ ಒಂದು ಮಾತೃಕೆಯ ಮೇಲೆ ಎರಡು ಆವರಣ. ಮೂರರ ಮೇಲೆ ಹಬ್ಬಿದ್ದಕ್ಕೆ ‘ಎರಡು’ ಎಂದೂ ಎರಡರ ಮೇಲಿದ್ದದ್ದಕ್ಕೆ ‘ಮೂರು’ ಎಂದೂ ಬಿದ್ದಿತ್ತು. ಕೈಯಲ್ಲಿ ಬರೆಯುವವನು ಆವರಣ ಎಳೆಯುವಾಗಲೇ ಸಾಲು ಎಣಿಸಿರುತ್ತಾನೆ. ಲೇಟೆಕ್ ಆವರಣವನ್ನು ಹಿಗ್ಗಿಸುತ್ತದೆಯೇ ಹೊರತು ಅದರ ಮೇಲಿನ ಲೆಕ್ಕ ಸರಿಯೋ ಎಂದು ಎಣಿಸಿ ನೋಡುವುದಿಲ್ಲ. ನನಗಾದ ಖುಷಿಯನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಬೇರೆ ಪುಟಗಳ ಅಲ್ಪವಿರಾಮಗಳನ್ನೆಲ್ಲ ಕೆಂಪಿನಲ್ಲಿ ತಿದ್ದಿದೆ. ಆ ಪುಟವನ್ನು ಹಾಗೇ ಮಗುಚಿದೆ.

ಪುಸ್ತಕ ಅಚ್ಚಾಗಿ ಬಂತು. ಮೊದಲ ಪುಟದಲ್ಲೇ ‘ಕರಡು ತಿದ್ದಿದವರು’ ಎಂದು ನನ್ನ ಹೆಸರು ಹಾಕಿದ್ದರು. ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ವಾರದೊಳಗೆ ಹುಡುಗರು ಆ ಮಾತೃಕೆಯನ್ನು ಹಿಡಿದರು, ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು.

“ಇದು ನಿಮ್ಮ ಕಣ್ಣು ತಪ್ಪಿದ್ದು ಹೇಗೆ ಮಾರಾಯ್ರೇ?” ಎಂದು ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಧ್ಯಾಪಕಿ, “ಸರ್ ನೋಡ್ದಾಗ ಇದು ಸರಿ ಇದ್ದಿಕ್ಕು. ಆಮೇಲೆ ಆನೇ ಎಂತೋ ಬದಲ್ಸಲೆ ಹೋಗಿ ಹಾಳಾದ್ದು” ಎಂದು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. ನನ್ನನ್ನು ಉಳಿಸಲು ಹೇಳಿದ ಸುಳ್ಳಲ್ಲ ಅದು. ನನ್ನ ಕಣ್ಣು ತಪ್ಪಿತೆಂದು ನಂಬುವುದು ಅವರಿಂದ ಆಗಲಿಲ್ಲ, ಅಷ್ಟೇ.

ಆ ಕ್ಷಣಕ್ಕೆ ನನಗೆ ಅವರ ಮೇಲೆ ಹಿಂದೆಂದಿಗಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ಆಗಲಾದರೂ ನಿಜ ಹೇಳಬಹುದಿತ್ತು.

“ಇರ್ಲಿ ಬಿಡಿ ಮೇಡಂ, ಎಲ್ಲರಿಂದ್ಲೂ ಆಗ್ತು” ಎಂದೆ.

ಅವರು ನನಗೆ ಥ್ಯಾಂಕ್ಸ್ ಹೇಳಿದರು.